ರೋಗಿಯ ಬಳಿ ಕುಳಿತ ಗೆಳೆಯನ ಕೂಲಿ

ಉತ್ತರ ದಿಲ್ಲಿಯ ಮುಖರ್ಜಿ ನಗರವು ಪರೀಕ್ಷಾರ್ಥಿಗಳ ಪೇಟೆಯಾಗಿದೆ. ಕೇಂದ್ರ ಲೋಕಸೇವಾ ಆಯೋಗ, ಸಿಬ್ಬಂದಿ ಆಯ್ಕೆ ಆಯೋಗ ಮೊದಲಾದವುಗಳ ಪರೀಕ್ಷೆಗಳಿಗೆ ಸಿದ್ಧರಾಗುವ ಸಹಸ್ರಾರು ತರುಣ ತರುಣಿಯರು ದೇಶದ ಮೂಲೆಮೂಲೆಗಳಿಂದ ಬಂದು, ಬತ್ರಾ ಚಿತ್ರಮಂದಿರದ ಸುತ್ತಲಿನ ಬೀದಿಗಳಲ್ಲಿಯೂ, ನೆರೆಯ ಇಂದಿರಾ ವಿಹಾರ, ನೆಹರೂ ವಿಹಾರ, ಗಾಂಧಿ ವಿಹಾರಗಳಲ್ಲಿಯೂ ಬಾಡಿಗೆಯ ಕೊಠಡಿ ಹಿಡಿದು ವಾಸಿಸುತ್ತಾರೆ. ಒಂದು ಕೊಠಡಿಯಲ್ಲಿ ಇಬ್ಬರು, ಮೂವರು. ಇವರಿಗೆ ಅನ್ನ ಬೇಯಿಸುವವರು, ಡಬ್ಬಿ ಮುಟ್ಟಿಸುವವರು, ಚಹದ ಅಂಗಡಿಯಲ್ಲಿ ಲೋಟ ತೊಳೆಯುವವರು ಕೂಡ ಹೆಚ್ಚಾಗಿ ಹೊರಗಿನಿಂದ ಬಂದವರೇ. ಓದುವವನಿಗೂ ಉಣಬಡಿಸುವವನಿಗೂ ಸ್ಥಿತಿಯಲ್ಲಿ ಎಷ್ಟೇ ಅಂತರವಿದ್ದರೂ ಒಂದು ವಿಷಯದಲ್ಲಿ ಇಬ್ಬರೂ ಸಮಾನರು: ಜ್ವರ ಬಂದು ಮಲಗಿದರೆ ಹಣೆ ಮುಟ್ಟಿ ನೋಡಲು ಮನೆಯವರು ಹತ್ತಿರದಲ್ಲಿಲ್ಲ. ಪಕ್ಕದ ಹಾಸಿಗೆಯವನೇ ನೋಡಬೇಕು.

2023ರ ಜೂನ್ 15ರಂದು ಇದೇ ಮುಖರ್ಜಿ ನಗರದಲ್ಲಿ ತರಬೇತಿ ತರಗತಿಗಳಿದ್ದ ಕಟ್ಟಡವೊಂದಕ್ಕೆ ಬೆಂಕಿ ತಗಲಿ, ವಿದ್ಯಾರ್ಥಿಗಳು ಕಿಟಕಿಗಳಿಂದ ಹಗ್ಗ ಹಿಡಿದು ಇಳಿದು ಅನೇಕರು ಗಾಯಗೊಂಡ ದೃಶ್ಯವನ್ನು ದೇಶವೆಲ್ಲ ಕಂಡಿತು. ಕಟ್ಟಡಗಳ ಸುರಕ್ಷತೆಯ ವಿಷಯವಾಗಿ ಆಗ ಬಹಳ ಚರ್ಚೆ ನಡೆಯಿತು, ನಡೆಯಲೇಬೇಕಾಗಿತ್ತು. ಆದರೆ ಕಾಲು ಮುರಿದವನನ್ನು ಕೊಠಡಿಗೆ ತಂದ ಮೇಲೆ ಆರು ವಾರ ಅವನ ಸೇವೆಯನ್ನು ಯಾರು ಮಾಡುವರು, ಹಾಗೆ ಮಾಡುವವನ ಹೊಟ್ಟೆಪಾಡು ಏನು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಅದು ಬೆಂಕಿಯಂತೆ ಎಲ್ಲರ ಕಣ್ಣಿಗೆ ಬೀಳುವ ಸಂಗತಿಯಲ್ಲ. ಮುಚ್ಚಿದ ಬಾಗಿಲ ಹಿಂದೆ ನಡೆಯುವಂಥದು.

ಪರಸ್ಥಳದಲ್ಲಿ ದುಡಿಯುವ ನಮ್ಮ ಜನರಿಗೆ ಈ ಪ್ರಶ್ನೆ ಹೊಸದಲ್ಲ. ಮುಂಬಯಿಯಾಗಲಿ ದಿಲ್ಲಿಯಾಗಲಿ, ಹೊಟೇಲಿನ ಮಾಣಿಯೋ ಕಚೇರಿಯ ಗುಮಾಸ್ತನೋ ಹಾಸಿಗೆ ಹಿಡಿದಾಗ ಊರವರು, ಸಂಘದವರು ಸೇರಿ ವಂತಿಗೆ ಎತ್ತುವ ಪದ್ಧತಿಯುಂಟು. ಇದು ನಮ್ಮ ಹೆಮ್ಮೆಯ ವಿಷಯವೇ ಸರಿ. ಆದರೆ ಆ ವಂತಿಗೆಯ ಹಣ ಔಷಧದ ಅಂಗಡಿಗೂ ಆಸ್ಪತ್ರೆಯ ಗಲ್ಲಾಕ್ಕೂ ಸಂದಾಯವಾಗುತ್ತದೆ. ಕೆಲಸಕ್ಕೆ ಹೋಗದೆ ರೋಗಿಯ ಬಳಿ ಕುಳಿತವನ ಹೆಸರು ಪಟ್ಟಿಯಲ್ಲಿ ಕಾಣುವುದಿಲ್ಲ. ಕಂಡರೆ ವಂತಿಗೆ ಕೊಟ್ಟವರ ಸಾಲಿನಲ್ಲಿಯೇ ಕಾಣುತ್ತದೆ. ಕುಳಿತವನು ಕಳೆದುಕೊಂಡ ಕೂಲಿಯೂ ರೋಗದ ಖರ್ಚಿನ ಒಂದು ಭಾಗ, ಔಷಧದಷ್ಟೇ ನಿಜವಾದ ಭಾಗ, ಎಂಬುದು ಈ ಲೇಖನದ ವಾದ.

ಲೆಕ್ಕವನ್ನು ನೋಡೋಣ. ದಿಲ್ಲಿ ಸರಕಾರವು 2025ರ ಏಪ್ರಿಲ್ 1ರಿಂದ ಕುಶಲರಲ್ಲದ ಕೆಲಸಗಾರರಿಗೆ ನಿಗದಿಪಡಿಸಿದ ಕನಿಷ್ಠ ವೇತನವು ತಿಂಗಳಿಗೆ ರೂ. 18,456, ಅರೆಕುಶಲರಿಗೆ ರೂ. 20,371, ಕುಶಲರಿಗೆ ರೂ. 22,411. ಇಷ್ಟು ಹಣ ಎಷ್ಟು ಮಂದಿಯ ಕೈಗೆ ನಿಜವಾಗಿ ಸೇರುತ್ತದೆಂಬುದನ್ನು ನಮ್ಮ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಆದರೂ ಕಾನೂನಿನ ಅಂಕಿಯನ್ನೇ ಹಿಡಿದರೆ ತಿಂಗಳ 26 ದಿನಗಳಿಗೆ ಭಾಗಿಸಿ, ಅತಿ ಕೆಳಗಿನವನ ದಿನಗೂಲಿ ಸುಮಾರು 710 ರೂಪಾಯಿ. ಗೆಳೆಯನೊಬ್ಬನ ಕಾಲು ಕೂಡುವವರೆಗೆ ಆರು ವಾರ ಕೆಲಸ ಬಿಟ್ಟು ಕುಳಿತವನು 25,000 ರೂಪಾಯಿಗೂ ಮಿಕ್ಕಿ ಕಳೆದುಕೊಳ್ಳುತ್ತಾನೆ. ಹೊಟೇಲಿನಲ್ಲಿ ದುಡಿಯುವವನಾದರೆ ನಷ್ಟ ಇನ್ನೂ ಹೆಚ್ಚು; ಏಕೆಂದರೆ ಅವನ ಎರಡು ಹೊತ್ತಿನ ಊಟವೂ ಹೊಟೇಲಿನದೇ. ರಜೆಯ ಮೇಲಿದ್ದವನು ಸಂಬಳದೊಡನೆ ಊಟವನ್ನೂ ಬಿಟ್ಟು ಕೂಡುತ್ತಾನೆ. ಊರಿಗೆ ಹೋಗಬೇಕಾದ ಹಣ ಆ ತಿಂಗಳು ಹೋಗುವುದಿಲ್ಲ. ಅಲ್ಲಿ ಬಡ್ಡಿ ಬೆಳೆಯುತ್ತದೆ. ರೋಗ ಒಬ್ಬನಿಗೆ ಬಂದರೂ ಬಡತನ ಎರಡು ಮನೆಗಳಿಗೆ ತಟ್ಟುತ್ತದೆ.

ಈ ಗೆಳೆಯನನ್ನು ಕಾನೂನು ಬಲ್ಲುದೇ? ಬಲ್ಲುದು, ಸ್ಪಷ್ಟವಾಗಿಯೇ ಬಲ್ಲುದು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಆರೈಕೆದಾರನೆಂದರೆ ಯಾರು ಎಂಬುದನ್ನು ವಿವರಿಸುವಾಗ, ತಂದೆತಾಯಿಗಳನ್ನೂ ಕುಟುಂಬದ ಇತರರನ್ನೂ ಒಳಗೊಂಡಂತೆ, ಹಣ ಪಡೆದೋ ಪಡೆಯದೆಯೋ ಆರೈಕೆ ನೀಡುವ ಯಾವ ವ್ಯಕ್ತಿಯೂ ಆಗಬಹುದೆಂದು ಹೇಳುತ್ತದೆ. ಮಾನಸಿಕ ಆರೋಗ್ಯದ 2017ರ ಕಾಯಿದೆಯೂ ಹಾಗೆಯೇ: ರೋಗಿಯೊಡನೆ ವಾಸಿಸುತ್ತ ಅವನ ಹೊಣೆ ಹೊತ್ತವನು, ಸಂಬಂಧಿಯಿರಲಿ ಬೇರೆಯವನಿರಲಿ, ಆರೈಕೆದಾರನೆನಿಸುತ್ತಾನೆ. ಅಷ್ಟೇ ಅಲ್ಲ, ತನ್ನ ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಒಬ್ಬ ಗೆಳೆಯನನ್ನು ತನ್ನ ಪ್ರತಿನಿಧಿಯೆಂದು ಬರೆದಿಡುವ ಹಕ್ಕನ್ನೂ ಆ ಕಾಯಿದೆ ಪ್ರತಿಯೊಬ್ಬ ವಯಸ್ಕನಿಗೂ ಕೊಟ್ಟಿದೆ. ವರ್ಷಾನುವರ್ಷ ಒಂದೇ ಪರೀಕ್ಷೆಯ ಬಾಗಿಲು ತಟ್ಟಿ ಮನಸ್ಸು ಕುಗ್ಗಿದವರಿರುವ ಮುಖರ್ಜಿ ನಗರದಂಥ ಸ್ಥಳದಲ್ಲಿ ಈ ಹಕ್ಕನ್ನು ತಿಳಿದವರು ಎಷ್ಟು ಮಂದಿಯೋ!

ಜನಗಣತಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅವರ ಪ್ರಕಾರ ಕುಟುಂಬವೆಂದರೆ ಸಾಮಾನ್ಯವಾಗಿ ಒಟ್ಟಿಗೆ ವಾಸಿಸಿ ಒಂದೇ ಅಡಿಗೆಯಲ್ಲಿ ಉಣ್ಣುವವರ ಗುಂಪು. ಅವರೊಳಗೆ ರಕ್ತಸಂಬಂಧ ಇರಬಹುದು, ಇಲ್ಲದಿರಬಹುದು. ಮೂವರು ಗೆಳೆಯರು ಒಂದು ಸ್ಟೌವಿನ ಮೇಲೆ ಅನ್ನ ಮಾಡಿಕೊಂಡು ಉಂಡರೆ ಎಣಿಸುವ ಸರಕಾರಕ್ಕೆ ಅವರು ಒಂದು ಕುಟುಂಬ. ಆದರೆ ಹಣ ಕೊಡುವ ಸರಕಾರಕ್ಕೆ, ತೆರಿಗೆ ಬಿಡುವ ಸರಕಾರಕ್ಕೆ, ಅವರು ಪರಸ್ಪರ ಅಪರಿಚಿತರು. ಒಂದೇ ಸರಕಾರದ ಎರಡು ಇಲಾಖೆಗಳು ಒಂದೇ ಬಾಗಿಲಿಗೆ ಬಂದು ಎರಡು ಬಗೆಯ ಮಾತನ್ನಾಡುವುದೆಂದರೆ ಇದೇ.

ಗುಮಾಸ್ತ ಬಂಧುಗಳಿಗೆ ಇದು ತಮ್ಮ ಮೇಜಿನ ಮೇಲೆಯೇ ಕಾಣುವ ವಿಷಯ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಅಂಗವಿಕಲ ಅವಲಂಬಿತರನ್ನು ಸಾಕುವವನಿಗೆ ವರ್ಷಕ್ಕೆ 75,000 ರೂಪಾಯಿ, ವೈಕಲ್ಯ ತೀವ್ರವಾಗಿದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಲು ಅವಕಾಶವಿದೆ. ಅವಲಂಬಿತರೆಂದರೆ ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು. ಹತ್ತು ವರ್ಷ ಜೊತೆಯಲ್ಲಿ ಇದ್ದ ಗೆಳೆಯನನ್ನು ನೀವು ಸಾಕುತ್ತಿದ್ದರೂ ಅವನಿಗೆ ಅಲ್ಲಿ ಎಡೆಯಿಲ್ಲ. ಭವಿಷ್ಯನಿಧಿಯಿಂದ ಕಾಯಿಲೆಗೆಂದು ಹಣ ತೆಗೆಯುವುದು ಸ್ವಂತಕ್ಕೆ ಮತ್ತು ಕುಟುಂಬಕ್ಕೆ ಮಾತ್ರ. ನೌಕರರ ರಾಜ್ಯ ವಿಮೆ, ಈ ನಾಡಿನಲ್ಲಿ ಮೊದಲು 1952ರ ಫೆಬ್ರವರಿ 24ರಂದು ಕಾನಪುರದಲ್ಲಿಯೂ ದಿಲ್ಲಿಯಲ್ಲಿಯೂ ಜಾರಿಗೆ ಬಂದ ಆ ಯೋಜನೆ, ರೋಗಿಯಾದ ಕಾರ್ಮಿಕನಿಗೆ ವರ್ಷದಲ್ಲಿ 91 ದಿನಗಳವರೆಗೆ ವೇತನದ ಶೇಕಡಾ 70ರಷ್ಟನ್ನು ಕೊಡುತ್ತದೆ. ಅದು ದೊಡ್ಡ ಉಪಕಾರವೇ. ಆದರೆ ಕುಳಿತವನಿಗೆ ಏನೂ ಇಲ್ಲ. ಕೇಂದ್ರ ಸರಕಾರದ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆಯುಂಟು. ವೃದ್ಧ ತಂದೆತಾಯಿಗಳ ಆರೈಕೆಯೂ ಸೇರಿ ಯಾವ ಸ್ವಂತ ಕಾರಣಕ್ಕೂ ಅದನ್ನು ಬಳಸಬಹುದೆಂದು 2025ರ ಜುಲೈಯಲ್ಲಿ ಸಚಿವರು ರಾಜ್ಯಸಭೆಗೆ ತಿಳಿಸಿದರು. ಸರಕಾರಿ ಗುಮಾಸ್ತನು ಆ ರಜೆಯನ್ನು ಗೆಳೆಯನಿಗಾಗಿ ವ್ಯಯಿಸಬಹುದು. ಅವನಿಗೆ ಉಪಾಹಾರ ತಂದುಕೊಡುವ ಮಾಣಿಗೆ ಅಂಥ ರಜೆಯ ಖಾತೆಯೇ ಇಲ್ಲ.

ಇನ್ನೊಂದು ವಿಚಿತ್ರವನ್ನು ಹೇಳದಿರಲಾಗದು. ಅಣ್ಣನು ತಮ್ಮನಿಗೆ ಎಷ್ಟು ಹಣ ಕೊಟ್ಟರೂ ತಮ್ಮನ ಕೈಯಲ್ಲಿ ಅದಕ್ಕೆ ತೆರಿಗೆಯಿಲ್ಲ. ಗೆಳೆಯರು ಕೂಡಿ ಒಬ್ಬನಿಗೆ ಕೊಟ್ಟದ್ದು ಒಂದು ವರ್ಷದಲ್ಲಿ 50,000 ರೂಪಾಯಿಯನ್ನು ಮೀರಿತೆಂದರೆ ಪೂರ್ತಿ ಮೊತ್ತವೂ ಅವನ ಆದಾಯವೆಂದು ಎಣಿಸಲ್ಪಡುತ್ತದೆ. 2025–26ರ ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿಯ ವಾರ್ಷಿಕ ಆದಾಯದವರೆಗೆ ತೆರಿಗೆ ಬೀಳದಿರುವುದರಿಂದ ನಮ್ಮ ಹೊಟೇಲು ಕಾರ್ಮಿಕನು ಹೆದರಬೇಕಾದುದೇನೂ ಇಲ್ಲ. ಆದರೂ ಕಾನೂನಿನ ಮನೋಧರ್ಮ ಇದರಿಂದ ತಿಳಿಯುತ್ತದೆ: ರಕ್ತದ ಕೊಡುಗೆ ಪ್ರೀತಿ, ಗೆಳೆತನದ ಕೊಡುಗೆ ಸಂಪಾದನೆ!

ಆರೈಕೆದಾರನಿಗೆ ಹಣ ಕೊಡುವುದು ಭಾರತದಲ್ಲಿ ಎಲ್ಲಿಯೂ ಇಲ್ಲವೇ ಎಂದರೆ, ಇದೆ. ಅದೂ ಕನ್ನಡದ ಮಣ್ಣಿನ ಅಂಚಿನಲ್ಲಿ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಮೊದಲಾದ ಗ್ರಾಮಗಳಲ್ಲಿ, ಕನ್ನಡ ತುಳು ಮಾತನಾಡುವ ಜನರ ನಡುವೆ, ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 2000ದವರೆಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಹಾಸಿಗೆಯಿಂದ ಏಳಲಾರದ ಮಕ್ಕಳು ಅಲ್ಲಿ ಇಂದು ವಯಸ್ಕರಾಗಿದ್ದಾರೆ, ಅವರನ್ನು ಎತ್ತಿ ಇಳಿಸುವ ತಾಯಂದಿರು ಮುದುಕಿಯರಾಗಿದ್ದಾರೆ. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಆ ವಿಷವನ್ನು ದೇಶದಲ್ಲೆಲ್ಲ ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು. ಇದಕ್ಕೂ ಮೊದಲೇ ಕೇರಳ ಸರಕಾರವು ‘ಆಶ್ವಾಸಕಿರಣಂ’ ಎಂಬ ಹೆಸರಿನಲ್ಲಿ, ಹಾಸಿಗೆ ಹಿಡಿದವರ ಆರೈಕೆ ಮಾಡುವವರಿಗೇ ಮಾಸಿಕ ಸಹಾಯ ಕೊಡುವ ಏರ್ಪಾಡನ್ನು ಆರಂಭಿಸಿತ್ತು. ಸಾಮಾನ್ಯವಾಗಿ ತಿಂಗಳಿಗೆ 600 ರೂಪಾಯಿ, ಎಂಡೋಸಲ್ಫಾನ್ ಸಂತ್ರಸ್ತರ ಆರೈಕೆದಾರರಿಗೆ 700 ರೂಪಾಯಿ. ಮೊತ್ತ ಎಷ್ಟು ಅಲ್ಪವೆಂಬುದು ಮೇಲಿನ ದಿನಗೂಲಿಯ ಲೆಕ್ಕದಿಂದ ತಿಳಿಯುತ್ತದೆ: ತಿಂಗಳಿಡೀ ಹಗಲಿರುಳಿನ ದುಡಿಮೆಗೆ ದಿಲ್ಲಿಯ ಒಂದು ದಿನದ ಕೂಲಿಯೂ ಇಲ್ಲ. ಹಾಗಿದ್ದರೂ ತತ್ತ್ವ ದೊಡ್ಡದು. ರೋಗಿಯದು ಒಂದು ಖಾತೆ, ಆರೈಕೆ ಮಾಡುವವರದು ಇನ್ನೊಂದು ಖಾತೆ ಎಂದು ಒಂದು ಸರಕಾರ ಒಪ್ಪಿಕೊಂಡಿತು.

ಕರ್ನಾಟಕವು ಈ ದಾರಿಗೆ ತಡವಾಗಿ ಬಂದಿತು. 2024–25ರ ಮುಂಗಡ ಪತ್ರದಲ್ಲಿ, ಮಿದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಗಳಿಂದ ಬಳಲುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆಯನ್ನು ಘೋಷಿಸಿತು. ಸ್ವಾಗತಾರ್ಹವಾದ ಹೆಜ್ಜೆ. ಆದರೆ ನಾಡು ಬಿಟ್ಟು ಬಂದವನ ಪಾಡು ಬೇರೆ. ಅವನು ಕರ್ನಾಟಕದ ಯೋಜನೆಗೆ ದೂರನಾದನು. ದಿಲ್ಲಿಯಲ್ಲಿ ಅಂಗವಿಕಲ ಪಿಂಚಣಿ ಕೇಳಲು ಹೋದರೆ ಐದು ವರ್ಷಗಳ ವಾಸದ ದಾಖಲೆ ಬೇಕು. ವರ್ಷಕ್ಕೊಮ್ಮೆ ಕೊಠಡಿ ಬದಲಾಯಿಸುವವನು, ಬಾಡಿಗೆ ಕರಾರಿಲ್ಲದೆ ಹೊಟೇಲಿನ ಅಟ್ಟದ ಮೇಲೆ ಮಲಗುವವನು ಆ ದಾಖಲೆಯನ್ನು ಎಲ್ಲಿಂದ ತರಬೇಕು? 2016ರ ಕಾಯಿದೆಯು ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ಆರೈಕೆ ಭತ್ಯೆ ಕೊಡುವ ಯೋಜನೆ ಮಾಡಬೇಕೆಂದು ಸರಕಾರಗಳಿಗೆ ಹೇಳುತ್ತದೆ, ಆದರೆ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಮಾತನ್ನು ಮುಂದಿಟ್ಟು ಹೇಳುತ್ತದೆ. ಆ ಮಾತಿನ ಬಾಗಿಲಿನಿಂದ ಯಾವ ಸರಕಾರವೂ ಸುಲಭವಾಗಿ ಹೊರಗೆ ನಡೆಯಬಹುದು.

ರಕ್ತಸಂಬಂಧವನ್ನು ಕೇಳದೆ, ಮಾಡಿದ ಕೆಲಸವನ್ನು ನೋಡಿ ಹಣ ಕೊಡುವ ಒಂದು ಪದ್ಧತಿ ನಮ್ಮ ದೇಶದಲ್ಲಿ ಆಗಲೇ ನಡೆಯುತ್ತಿದೆ. ಬಹುಮಂದಿಗೆ ಅದು ಗೊತ್ತಿಲ್ಲ. ಮುಖರ್ಜಿ ನಗರದ ನೆರೆಯ ಕಿಂಗ್ಸ್‌ವೇ ಕ್ಯಾಂಪಿನಲ್ಲಿ ದಿಲ್ಲಿ ನಗರಪಾಲಿಕೆಯ ರಾಜನ್ ಬಾಬು ಕ್ಷಯರೋಗ ಆಸ್ಪತ್ರೆ ಇದೆ. ಇಕ್ಕಟ್ಟಿನ ಕೊಠಡಿ, ಹೊತ್ತಿಲ್ಲದ ಊಟ, ಹೊಗೆಯ ಅಡಿಗೆಮನೆ, ಇವೆಲ್ಲ ಕ್ಷಯಕ್ಕೆ ಎಡೆಮಾಡಿಕೊಡುವವೆಂದು ಹೊಟೇಲಿನವರಿಗೆ ತಿಳಿಯದ್ದಲ್ಲ. ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕಾಗಿ ಕೇಂದ್ರ ಸರಕಾರವು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದನ್ನು 1,000ಕ್ಕೆ ಏರಿಸಿತು. ಇದು ರೋಗಿಯ ಹಣ. ಇದಲ್ಲದೆ, ಆರು ತಿಂಗಳೂ ರೋಗಿಯು ಗುಳಿಗೆ ತಪ್ಪದಂತೆ ನೋಡಿಕೊಳ್ಳುವ ‘ಚಿಕಿತ್ಸಾ ಬೆಂಬಲಿಗ’ನಿಗೆ ಚಿಕಿತ್ಸೆ ಮುಗಿದಾಗ 1,000 ರೂಪಾಯಿ, ಔಷಧಕ್ಕೆ ಬಗ್ಗದ ಕ್ಷಯವಾದರೆ 5,000 ರೂಪಾಯಿ ಗೌರವಧನವಿದೆ. ಅವನು ಆಸ್ಪತ್ರೆಯ ನೌಕರನೇ ಆಗಿರಬೇಕೆಂದಿಲ್ಲ. ನೆರೆಹೊರೆಯ ಸ್ವಯಂಸೇವಕನೂ ಆಗಬಹುದು. ಆದುದರಿಂದ, ಜೊತೆಯವನಿಗೆ ಕ್ಷಯವೆಂದು ತಿಳಿದ ದಿನವೇ ಆಸ್ಪತ್ರೆಯಲ್ಲಿ ತನ್ನ ಹೆಸರನ್ನು ಬೆಂಬಲಿಗನೆಂದು ಬರೆಸಿಕೊಳ್ಳಲಾದೀತೇ ಎಂದು ವಿಚಾರಿಸುವುದು ಲೇಸು. ವಿಮೆಯಿರುವ ಕಾರ್ಮಿಕನಿಗೆ ಕ್ಷಯದಂಥ ದೀರ್ಘ ರೋಗಗಳಲ್ಲಿ ಶೇಕಡಾ 80ರ ದರದಲ್ಲಿ ಹೆಚ್ಚು ಕಾಲ ವೇತನದ ಸಹಾಯ ದೊರೆಯುತ್ತದೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ಹೊರದೇಶಗಳ ಕಡೆಗೆ ನೋಡಿದರೆ ಬ್ರಿಟನ್ನಿನ ಚರಿತ್ರೆ ಬೋಧಪ್ರದವಾಗಿದೆ. ಅಲ್ಲಿ 1976ರಲ್ಲಿ ಆರೈಕೆದಾರರ ಭತ್ಯೆ ಬಂದಾಗ ಅದು ಸಂಬಂಧಿಗಳಿಗೆ ಮಾತ್ರ ಇತ್ತು. 1981ರಲ್ಲಿ ಸಂಬಂಧಿಗಳಲ್ಲದವರಿಗೂ ವಿಸ್ತರಿಸಿತು. ವಿವಾಹಿತ ಸ್ತ್ರೀಯರಿಗೆ, ಅವರು ಹೇಗೂ ಮನೆಯಲ್ಲಿಯೇ ಇರುವವರೆಂಬ ನೆವದಿಂದ, 1986ರವರೆಗೆ ಕೊಡಲಿಲ್ಲ. ಯುರೋಪಿನ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಕೊಟ್ಟರು. ಹೆಂಡತಿಗಿಂತ ಐದು ವರ್ಷ ಮೊದಲೇ ಗೆಳೆಯನಿಗೆ ಬಾಗಿಲು ತೆರೆದದ್ದು ನೋಡಿದರೆ ನಗು ಬರುತ್ತದೆ. ಈಗ ಅಲ್ಲಿ ವಾರಕ್ಕೆ 35 ಗಂಟೆ ಆರೈಕೆ ಮಾಡುವ ಯಾರೂ, ರೋಗಿಯೊಡನೆ ವಾಸಿಸದಿದ್ದರೂ, ಭತ್ಯೆ ಕೇಳಬಹುದು. 2025ರ ಏಪ್ರಿಲಿನಲ್ಲಿ ಅದು ವಾರಕ್ಕೆ 83 ಪೌಂಡು 30 ಪೆನ್ನಿಯಾಯಿತು. ನಮ್ಮ ಹಣದಲ್ಲಿ 9,000 ರೂಪಾಯಿಗೆ ಮೇಲೆ. ಆದರೆ ಗುಲಾಬಿಗೆ ಮುಳ್ಳುಂಟು. ದುಡಿಮೆಯ ಸಂಪಾದನೆ ಗೊತ್ತಾದ ಮಿತಿಯನ್ನು ಒಂದು ಪೌಂಡು ದಾಟಿದರೂ ಆ ವಾರದ ಭತ್ಯೆಯೆಲ್ಲ ಹೋಗುತ್ತದೆ. ತಿಳಿಯದೆ ಮಿತಿ ಮೀರಿದ ಸಾವಿರಾರು ಬಡವರಿಂದ ಸರಕಾರವು ವರ್ಷಗಳ ಹಣವನ್ನು ಹಿಂದಕ್ಕೆ ಕೇಳಿತೆಂದು 2024ರಲ್ಲಿ ಅಲ್ಲಿ ದೊಡ್ಡ ಕೋಲಾಹಲವೆದ್ದು, ಸ್ವತಂತ್ರ ವಿಚಾರಣೆ ನಡೆಸಬೇಕಾಯಿತು. ಪೂರ್ಣಕಾಲದ ವಿದ್ಯಾರ್ಥಿಗಳಿಗೂ ಆ ಭತ್ಯೆ ಇಲ್ಲ. ಅದೇ ನಿಯಮವನ್ನು ಇಲ್ಲಿ ನಕಲು ಮಾಡಿದರೆ ಮುಖರ್ಜಿ ನಗರದಲ್ಲಿ ಯಾರಿಗೂ ಏನೂ ದಕ್ಕದಿರುವ ಭಯವುಂಟು.

ಜರ್ಮನಿಯವರು 1995ರಿಂದ ಬೇರೊಂದು ದಾರಿ ಹಿಡಿದಿದ್ದಾರೆ. ಅಲ್ಲಿ ಆರೈಕೆ ವಿಮೆಯ ಹಣ ರೋಗಿಯ ಕೈಗೇ ಬರುತ್ತದೆ. 2025ರಲ್ಲಿ ಅದು, ಅವಲಂಬನೆಯ ಮಟ್ಟವನ್ನು ಅನುಸರಿಸಿ, ತಿಂಗಳಿಗೆ 347ರಿಂದ 990 ಯುರೋ. ರೋಗಿಯು ಅದನ್ನು ತನ್ನನ್ನು ನೋಡಿಕೊಳ್ಳುವ ಮಗಳಿಗೆ ಕೊಡಬಹುದು, ನೆರೆಯವನಿಗೆ ಕೊಡಬಹುದು, ಗೆಳೆಯನಿಗೂ ಕೊಡಬಹುದು. ಅಲ್ಲದೆ ವಾರಕ್ಕೆ ಹತ್ತು ಗಂಟೆಗೂ ಕಡಿಮೆಯಿಲ್ಲದೆ ಆರೈಕೆ ಮಾಡುತ್ತ, ಬೇರೆ ಕೆಲಸವನ್ನು 30 ಗಂಟೆಗೆ ಮಿತಿಗೊಳಿಸಿಕೊಂಡವನ ನಿವೃತ್ತಿ ವೇತನದ ಖಾತೆಗೆ ವಿಮಾ ಸಂಸ್ಥೆಯೇ ವಂತಿಗೆ ಕಟ್ಟುತ್ತದೆ. ನಮಗೆ ಈ ಎರಡನೆಯ ಅಂಶವೇ ಹೆಚ್ಚು ಮೆಚ್ಚಿಗೆ. ಕೆಲಸ ಬಿಟ್ಟವನಿಗೆ ಇಂದಿನ ಸಂಬಳದೊಡನೆ ಮುದಿತನದ ಆಧಾರವೂ ಹೋಗುತ್ತದೆಂಬುದನ್ನು ಅವರು ಮರೆಯಲಿಲ್ಲ.

ಹಣ ಕೊಟ್ಟರೆ ಸ್ನೇಹ ಕೆಡುತ್ತದೆ, ಸೇವೆ ವ್ಯಾಪಾರವಾಗುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಈ ಮಾತನ್ನು ಹೇಳುವವರು ಸಾಮಾನ್ಯವಾಗಿ ತಿಂಗಳ ಸಂಬಳ ತಪ್ಪದವರೆಂಬುದನ್ನು ಗಮನಿಸಬೇಕು. ಸ್ನೇಹ ಕೆಡುವುದು ಸಾಲದಿಂದ. ಎರಡು ತಿಂಗಳು ಬಳಿಯಲ್ಲಿ ಕುಳಿತು ಸಾಲಗಾರನಾದವನು, ವಾಸಿಯಾಗಿ ಎದ್ದ ಗೆಳೆಯನ ಮುಖವನ್ನು ಮೊದಲಿನಂತೆ ನೋಡಲಾರನು. ಎದ್ದವನೂ ಅವನ ಮುಖವನ್ನು ನೋಡಲಾರನು. ಇನ್ನು, ಸುಳ್ಳು ಗೆಳೆಯರು ಹುಟ್ಟಿಕೊಂಡಾರು ಎಂಬ ಆಕ್ಷೇಪಕ್ಕೆ ತಕ್ಕಷ್ಟು ತೂಕವಿದೆ. ಆದರೆ ಸುಳ್ಳು ಅಣ್ಣತಮ್ಮಂದಿರೂ ಇಲ್ಲದಿಲ್ಲ. ವೈದ್ಯರ ಬರಹ, ರೋಗಿಯ ಸ್ವಂತ ಹೇಳಿಕೆ, ನೆರೆಯ ಇಬ್ಬರ ಸಾಕ್ಷಿ, ಇವು ಸಂಬಂಧದ ಪ್ರಮಾಣಪತ್ರಕ್ಕಿಂತ ಕಡಿಮೆ ನಂಬಿಕೆಗೆ ಅರ್ಹವೆಂದು ನಮಗೆ ತೋರುವುದಿಲ್ಲ.

ಊರಿನಲ್ಲಿ ಈ ಕೆಲಸವನ್ನೆಲ್ಲ ಸ್ತ್ರೀಯರು ಮಾಡುತ್ತಾರೆಂಬುದನ್ನು ಕೂಡ ಇಲ್ಲಿ ಸೇರಿಸಬೇಕು. 2024ರ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿ ದಿನಕ್ಕೆ ಸುಮಾರು 140 ನಿಮಿಷ ಕಳೆಯುತ್ತಾರೆ. ಪುರುಷರಲ್ಲಿ ಶೇಕಡಾ 21 ಮಂದಿ, 74 ನಿಮಿಷ. ಪರಸ್ಥಳದ ಕೊಠಡಿಯಲ್ಲಿ ತಾಯಿಯೂ ಇಲ್ಲ, ಹೆಂಡತಿಯೂ ಇಲ್ಲ. ಗಂಜಿ ಕಾಯಿಸುವುದೂ ಬಟ್ಟೆ ಒಗೆಯುವುದೂ ರಾತ್ರಿ ಎದ್ದು ನೀರು ಕೊಡುವುದೂ ಗಂಡಸಿನ ಪಾಲಿಗೆ ಬಂದಾಗಲೇ ಅದು ಎಷ್ಟು ಗಂಟೆಯ ದುಡಿಮೆಯೆಂಬುದು ಅವನಿಗೆ ಅರಿವಾಗುತ್ತದೆ. ಗೆಳೆಯನ ಹಕ್ಕನ್ನು ಕೇಳುವ ನಾವು ಊರಿನಲ್ಲಿರುವ ಆಕೆಯ ಹಕ್ಕನ್ನು ಕೇಳದಿದ್ದರೆ ನ್ಯಾಯವಾಗದು.

ಸರಕಾರ ಎಚ್ಚರಗೊಳ್ಳುವವರೆಗೆ ಸಂಘಗಳು ಮಾಡಬಹುದಾದ ಕೆಲಸವಿದೆ. ದಿಲ್ಲಿ ಕರ್ನಾಟಕ ಸಂಘವು 2023ರಲ್ಲಿ ತನ್ನ 75 ವರ್ಷಗಳ ಉತ್ಸವವನ್ನು ತಾಲಕಟೋರಾ ಕ್ರೀಡಾಂಗಣದಲ್ಲಿ ವಿಜೃಂಭಣೆಯಿಂದ ಆಚರಿಸಿತು. ಇಂಥ ಬಲವುಳ್ಳ ಸಂಘಗಳು ನಮ್ಮವರಿರುವ ನಗರಗಳಲ್ಲಿ ಇನ್ನೂ ಇವೆ. ಉತ್ಸವಕ್ಕೆ ಎತ್ತುವ ವಂತಿಗೆಯಲ್ಲಿ ಒಂದಂಶವನ್ನು ಆರೈಕೆದಾರರ ನಿಧಿಯೆಂದು ಬೇರೆಯಿಡಬೇಕೆಂದು ನಮ್ಮ ಸೂಚನೆ. ಆ ನಿಧಿಯಿಂದ ಹಣ ಕೊಡುವಾಗ ರೋಗಿಯ ಹೆಸರಿಗೆ ಒಂದೇ ಸಲ ದೊಡ್ಡ ಮೊತ್ತ ಕೊಡುವ ಬದಲು, ಕುಳಿತವನ ಹೆಸರಿಗೆ ವಾರವಾರವೂ ಕೊಡತಕ್ಕದ್ದು. ಪ್ರಮಾಣವನ್ನು ಕನಿಷ್ಠ ವೇತನದ ಅರ್ಧವೆಂದೋ ಮುಕ್ಕಾಲೆಂದೋ ಮೊದಲೇ ಗೊತ್ತುಮಾಡತಕ್ಕದ್ದು. ಅರ್ಧವೆಂದರೂ ವಾರಕ್ಕೆ 2,000 ರೂಪಾಯಿಗಿಂತ ತುಸು ಹೆಚ್ಚಾಯಿತು. ಆರು ವಾರಕ್ಕೆ 13,000ದೊಳಗೆ ಮುಗಿಯುತ್ತದೆ. ಬ್ಯಾಂಕಿನ ಮೂಲಕ, ಇಂಥ ರೋಗಿಯ ಆರೈಕೆಗಾಗಿ ಎಂದು ಬರೆದು ಕೊಟ್ಟರೆ ಮುಂದೆ ಯಾರೂ ಬೆರಳು ತೋರಿಸುವಂತಿಲ್ಲ. 50,000 ರೂಪಾಯಿಯ ಮಿತಿಗೂ ಬಹುದೂರ.

ಹೊಟೇಲಿನ ಧಣಿಗಳಿಗೆ ಒಂದು ಮಾತು. ಹಣಕ್ಕಿಂತ ಮುಖ್ಯವಾಗಿ ನಿಮ್ಮಿಂದ ಬೇಕಾದುದು ಸ್ಥಾನದ ಭರವಸೆ. ಕುಳಿತವನ ಜಾಗಕ್ಕೆ ಬದಲಿ ಹುಡುಗನನ್ನು ಇಟ್ಟುಕೊಂಡರೂ ಹಿಂದಿರುಗಿದ ದಿನ ಹಳಬನ ಕೆಲಸ ಅವನಿಗೇ ಸಿಗಬೇಕು. ಅಲ್ಲಿಯವರೆಗೆ ಅವನ ವಿಮೆಯ ಮತ್ತು ಭವಿಷ್ಯನಿಧಿಯ ಹೆಸರನ್ನು ಪಟ್ಟಿಯಿಂದ ತೆಗೆಯಬಾರದು. ಹಗಲು ಬಿಟ್ಟು ರಾತ್ರಿಯ ಪಾಳಿಗೆ ಬರುತ್ತೇನೆಂದು ಅವನು ಕೇಳಿದರೆ ಆ ಬದಲಾವಣೆಯನ್ನು ಒಪ್ಪಿಕೊಳ್ಳಬೇಕು. ಮತ್ತು ಅವನ ಎರಡು ಊಟದ ಡಬ್ಬಿಗಳು, ರೋಗಿಯ ಗಂಜಿಯೊಡನೆ, ಆ ದಿನಗಳಲ್ಲಿಯೂ ಅಡಿಗೆಮನೆಯಿಂದ ಹೋಗುತ್ತಿರಬೇಕು.